ಕೊನೆಯ ಪಂಕ್ತಿಯ ಅಪ್ಪಯ್ಯಣ್ಣ

ನಮ್ಮ ಬಾವ ಅಪ್ಪಯ್ಯಣ್ಣನವರು ಓರೆಯಾಗಿ ನಡೆಯುತ್ತಾರೆ. ಎಡಗೈಯಲ್ಲಿ ಪಂಚೆಯ ಅಂಚನ್ನು ಎತ್ತಿ ಹಿಡಿದು, ಬಲಭುಜವನ್ನು ಮುಂದು ಮಾಡಿ, ಒಂದು ಪಾದದ ಬೆನ್ನಿಗೆ ಇನ್ನೊಂದನ್ನು ಜೋಪಾನವಾಗಿ ಊರುತ್ತ ಸೂಲಿಬೆಲೆಯ ಅಗಲವಾದ ರಸ್ತೆಯಲ್ಲೂ ಅವರು ಹಾಗೆಯೇ ಹೋಗುವುದನ್ನು ಕಂಡ ಹೊಸಬರು, ಪಾಪ, ಸೊಂಟದಲ್ಲಿ ಏನೋ ತೊಂದರೆಯಿರಬೇಕೆಂದು ಮರುಗುತ್ತಾರೆ. ತೊಂದರೆ ಏನೂ ಇಲ್ಲ. ನಲವತ್ತು ವರ್ಷ ಮದುವೆಮನೆಗಳಲ್ಲಿ ಎದುರುಬದುರು ಹಾಸಿದ ಬಾಳೆಯೆಲೆಗಳ ನಡುವೆ, ಯಾರ ಎಲೆಗೂ ಪಂಚೆ ತಾಗದಂತೆ, ಯಾರ ಲೋಟವೂ ಉರುಳದಂತೆ ಓಡಾಡಿ ಓಡಾಡಿ ಅವರ ನಡಿಗೆ ಆ ಇಕ್ಕಟ್ಟಿಗೇ ಒಗ್ಗಿಹೋಗಿದೆ. ಈಗ ಅವರಿಗೆ ಎಪ್ಪತ್ತೆರಡು. ಬಯಲಲ್ಲಿ ಬಿಟ್ಟರೂ ಅವರು ಎರಡು ಸಾಲುಗಳ ನಡುವೆಯೇ ನಡೆಯುತ್ತಾರೆ.

ನನ್ನ ಅಕ್ಕ ಮುನಿತಾಯಮ್ಮನ ಗಂಡ ಅವರು. ನಮ್ಮ ಬಳಗದಲ್ಲಿ ಯಾರ ಮನೆಯ ಮದುವೆಯಾದರೂ ಉಗ್ರಾಣದ ಬೀಗದಕೈ, ಅಂದರೆ ಅಡುಗೆ ಸಾಮಾನು ತುಂಬಿದ ಕೋಣೆಯ ಬೀಗದಕೈ, ಹೋಗಿ ಸೇರುತ್ತಿದ್ದುದು ಅವರ ಬೂದುಬಣ್ಣದ ಕೋಟಿನ ಬಲಜೇಬಿಗೆ. ಆ ಭಾರಕ್ಕೆ ಜೇಬು ಜೋತುಬಿದ್ದು ಕೋಟು ಒಂದು ಪಕ್ಕಕ್ಕೆ ವಾಲಿಕೊಂಡಿರುತ್ತಿತ್ತು. ಊಟಕ್ಕೆ ಕೂತವರ ಮುಂದೆ ಅವರದು ಮೂರೇ ಮಾತು: "ಆಯ್ತಾ? ಸಾಕಾ? ಸಂಕೋಚ ಬ್ಯಾಡ." ಯಾರಾದರೂ ತಿರುಗಿ "ನಿಮ್ದು?" ಎಂದು ಕೇಳಿದರೆ ನಾಲ್ಕನೆಯ ಮಾತು ಸಿದ್ಧವಾಗಿರುತ್ತಿತ್ತು: "ನಂದೇನ್ ಬಿಡಿ, ಆಗುತ್ತೆ."

ಜಡಿಗೇನಹಳ್ಳಿಯ ಒಂದು ಮದುವೆಯಲ್ಲಿ ಗಂಡಿನ ಕಡೆಯವರು ಹೇಳದೆ ಕೇಳದೆ ಎರಡು ಬಸ್ಸು ಜಾಸ್ತಿ ಬಂದಿಳಿದಾಗ ಹುಳಿ ಸಾಲದೆ ಅಡುಗೆಯವನು ತಲೆಯ ಮೇಲೆ ಕೈ ಹೊತ್ತು ಕೂತ. ಬಾವ ತಳ ಕಾಣುತ್ತಿದ್ದ ಬಕೆಟ್ಟನ್ನೇ ಎತ್ತಿಕೊಂಡು, ತುಂಬಿದ ಬಕೆಟ್ಟಿನ ಭಾರಕ್ಕೆ ಬಾಗಿದವರ ಹಾಗೆ ಬಾಗಿ, ಪಂಕ್ತಿಯ ಉದ್ದಕ್ಕೂ "ಇನ್ನೊಂದ್ ಸೌಟು, ಇನ್ನೊಂದ್ ಸೌಟು" ಎಂದು ಎಷ್ಟು ಬಲವಂತ ಮಾಡಿದರೆಂದರೆ, ಕೂತವರೆಲ್ಲ ಹೆದರಿ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಆ ಪಂಕ್ತಿ ಏಳುವಷ್ಟರಲ್ಲಿ ಒಳಗೆ ಹೊಸ ಹುಳಿ ಕುದಿದಿತ್ತು. ಮಾನ ಉಳಿಯಿತೆಂದು ಹೆಣ್ಣಿನ ತಂದೆ ಕೈಮುಗಿದರೆ, ಬಾವ ಅಷ್ಟುಹೊತ್ತಿಗಾಗಲೇ ಮುಂದಿನ ಸಾಲಿಗೆ ಎಲೆ ಹಾಕಿಸುತ್ತಿದ್ದರು.

ಇಷ್ಟಾದ ಮೇಲೆ ಅವರು ಊಟಕ್ಕೆ ಕೂರುತ್ತಿದ್ದುದು ಕೊನೆಯ ಪಂಕ್ತಿಯಲ್ಲಿ, ಅಡುಗೆಯವರು, ವಾಲಗದವರು, ಎಲೆ ಎತ್ತುವವರ ಜೊತೆಗೆ. ಮೊದಲ ಪಂಕ್ತಿಯಲ್ಲಿ ಅವರನ್ನು ಕಂಡವರಿಲ್ಲ. ನಾನು ಹೊಸಕೋಟೆಯ ಕಾಲೇಜಿನಲ್ಲಿ ಕನ್ನಡ ಮೇಷ್ಟರಾಗಿದ್ದವನು. ನನಗೆ ಮೊದಲ ಪಂಕ್ತಿ ಖಾಯಂ. ಉಂಡು, ಕೈತೊಳೆದು, ಅಡಿಕೆಲೆ ಹಾಕಿಕೊಂಡು, ಬಸ್ಸು ಹಿಡಿದು ಬಂದವನು ನಾನು. ಅವರ ಎಪ್ಪತ್ತನೆಯ ಹುಟ್ಟುಹಬ್ಬದ ದಿನ ಮೈಕು ಸಿಕ್ಕಿದ್ದೇ ಸಾಕೆಂದು "ನಿಸ್ವಾರ್ಥ", "ತ್ಯಾಗ", "ಆತ್ಮಸಂಯಮ" ಎಂದೆಲ್ಲ ಇಪ್ಪತ್ತು ನಿಮಿಷ ಹೊಗಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. ಬಾವ ಮಾತ್ರ ತಲೆ ತಗ್ಗಿಸಿ ಕೋಟಿನ ಗುಂಡಿ ತಿರುವುತ್ತಿದ್ದರು. ಅದನ್ನು ನಾನು ವಿನಯವೆಂದು ತಿಳಿದೆ.

ಈಗ ಮದುವೆಗಳೆಲ್ಲ ಕನ್ವೆನ್ಷನ್ ಹಾಲಿಗೆ ಹೋಗಿವೆ. ಊಟ ಗುತ್ತಿಗೆಯವರದು, ಬೀಗದಕೈಯೂ ಅವರದೇ. ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ಬಾವ ಕೋಟು ಹಾಕಿಕೊಂಡು ಈಗಲೂ ಮದುವೆಗಳಿಗೆ ಹೋಗುತ್ತಾರೆ, ಕೈಕಟ್ಟಿ ಒಂದು ಕಂಬದ ಪಕ್ಕದಲ್ಲಿ ನಿಲ್ಲುತ್ತಾರೆ.

ಹೋದ ಚಳಿಗಾಲದಲ್ಲಿ ಅವರ ಮಗ ವಸಂತನಿಗೆ ಒಂದು ಬಹುಮಾನ ಬಂತು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಮೇಲ್ವಿಚಾರಕನಾಗಿರುವ ಅವನಿಗೆ, ಆರು ಜನರ ಕುಟುಂಬಕ್ಕೆಂದು, ದೇವನಹಳ್ಳಿಯ ಆಚೆಯ ಒಂದು ರೆಸಾರ್ಟಿನಲ್ಲಿ ಶನಿವಾರ ಭಾನುವಾರದ ವಾಸ್ತವ್ಯ. ಊಟ, ತಿಂಡಿ, ಈಜುಕೊಳ, ಆಟಪಾಟ ಎಲ್ಲವೂ ಅದರಲ್ಲೇ ಸೇರಿತ್ತು. ವಸಂತ, ಅವನ ಹೆಂಡತಿ ಜ್ಯೋತಿಲಕ್ಷ್ಮಿ, ಮಗಳು ಅರ್ಪಿತ, ಬಾವ. ಉಳಿದೆರಡು ಜಾಗಕ್ಕೆ ನಾನು ಮತ್ತು ನನ್ನ ಮಡದಿ. ಬಾಗಿಲಲ್ಲಿ ಎಲ್ಲರ ಮಣಿಕಟ್ಟಿಗೂ ಹಳದಿ ಪಟ್ಟಿಯೊಂದನ್ನು ಸುತ್ತಿದರು. "ಈ ವಯಸ್ನಲ್ಲಿ ನಂಗೆ ಕಂಕಣ ಕಟ್ಬುಟ್ರಲ್ಲಾ ಮೇಷ್ಟ್ರೆ!" ಎಂದು ಬಾವ ನಕ್ಕರು. ಆ ಎರಡು ದಿನಗಳಲ್ಲಿ ಅವರು ಬಾಯ್ತುಂಬ ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಊಟದ ಹಾಲನ್ನು ಕಂಡೊಡನೆ ಅವರಿಗೆ ಜೀವ ಬಂತು. ಇನ್ನೂರು ಜನ, ಸಾಲುಸಾಲು ಹಂಡೆಗಳು, ಹಬೆ, ತಟ್ಟೆಗಳ ಸದ್ದು. ಬೂದು ಕೋಟನ್ನು ಸರಿಮಾಡಿಕೊಂಡು ಬಾಗಿಲ ಪಕ್ಕದಲ್ಲಿ ನಿಂತವರು, ಬಂದಬಂದವರಿಗೆಲ್ಲ "ಬನ್ನಿ, ಬನ್ನಿ, ಊಟ ಮಾಡ್ಕಳಿ" ಎಂದು ಕೈಮುಗಿಯತೊಡಗಿದರು. ಗುರುತಿಲ್ಲದ ಜನ ಗಾಬರಿಯಾಗಿ ತಾವೂ ಕೈಮುಗಿದರು. ಮೇಜುಗಳ ನಡುವೆ ಓರೆಯಾಗಿ ನುಸುಳಿ "ಆಯ್ತಾ? ಸಾಕಾ?" ಎಂದು ವಿಚಾರಿಸಿದರು. ಕಪ್ಪು ಕನ್ನಡಕದ ಒಬ್ಬಾಕೆ ಎರಡು ಚಮಚ ತರಲು ಹೇಳಿದಳು, ತಂದುಕೊಟ್ಟರು. ಇನ್ನೊಬ್ಬ, ಪಲ್ಯ ತಣ್ಣಗಾಗಿದೆಯೆಂದು ರೇಗಿದ. ಬಾವ ಆ ತಪ್ಪನ್ನು ಮನಸಾರೆ ತಮ್ಮ ಮೇಲೆ ಹಾಕಿಕೊಂಡು "ತಪ್ಪಾಯ್ತು ಸ್ವಾಮಿ, ಬಿಸಿದು ತರಿಸ್ತೀನಿ" ಎಂದರು.

ವಸಂತನ ಮುಖ ಕೆಂಪಾಯಿತು. ತಂದೆಯನ್ನು ಪಕ್ಕಕ್ಕೆ ಕರೆದು, "ಅಪ್ಪಾ, ಸುಮ್ನೆ ಕೂತ್ಕೊಳಪ್ಪಾ. ನಿನ್ನ ಇಲ್ಲಿ ಕೆಲ್ಸದೋನು ಅಂದ್ಕೊಂಡವ್ರೆ ಎಲ್ರೂ. ನಂಗೆ ಮುಜುಗರ ಆಗುತ್ತೆ," ಎಂದ. ಬೈಯುವ ಹುಡುಗನಲ್ಲ ಅವನು, ಮೆಲ್ಲಗೇ ಹೇಳಿದ. ಬಾವ "ಆಯ್ತು ಬಿಡ್ಲಾ" ಎಂದು ಮೂಲೆಯ ಕುರ್ಚಿಯಲ್ಲಿ ಕೂತರು. ಅಲ್ಲಿಂದ ಏಳಲಿಲ್ಲ. ಕೈ ಮಾತ್ರ ಖಾಲಿ ಜೇಬಿನೊಳಗೆ ಏನನ್ನೋ ಹುಡುಕುತ್ತಿತ್ತು.

ನಾವೆಲ್ಲ ನಮ್ಮ ನಮ್ಮ ಪಾಡಿಗೆ ಉಂಡೆವು. ಅರ್ಪಿತ ನೀರಿನಿಂದ ಎದ್ದು ಬಂದಾಗ ಒಂದು ಹೊತ್ತು, ನಾನು ನಿದ್ದೆಯಿಂದ ಎದ್ದಾಗ ಇನ್ನೊಂದು ಹೊತ್ತು. ಯಾರು ಯಾವಾಗ ಉಂಡರೆಂಬ ಲೆಕ್ಕವೇ ಅಲ್ಲಿಲ್ಲ. ಅದೇ ಆ ಜಾಗದ ಸುಖವೆಂದು ಎಲ್ಲರೂ ಹೇಳಿಕೊಂಡೆವು. ಎದುರಾದಾಗ "ಬಾವ, ಊಟ ಆಯ್ತಾ?" ಎಂದು ನಾನೂ ಕೇಳಿದ್ದುಂಟು. "ನಂದೇನ್ ಬಿಡಿ, ಆಗುತ್ತೆ." ನಲವತ್ತು ವರ್ಷ ಕೇಳಿದ ಉತ್ತರ; ಅದರಲ್ಲಿ ಊಟ ಆಗಿಲ್ಲವೆಂಬ ಅರ್ಥವಿದೆಯೆಂದು ನನಗೆ ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನ ಮೂರು ಕಳೆದಿತ್ತು. ನಾಲ್ಕಕ್ಕೆ ಹೊರಡಬೇಕು. ಊಟದ ಹಾಲಿನ ಉಸ್ತುವಾರಿಯ ಜಾಫರ್, ದೊಡ್ಡಬಳ್ಳಾಪುರದವರು, ನೆರೆತ ಗಡ್ಡದ ಮೃದುಭಾಷಿ, ನನ್ನ ಬಳಿ ಬಂದರು.

"ಸಾರ್, ನಿಮ್ ಜೊತೆ ಬಂದಿರೋ ಯಜಮಾನ್ರು ನಿನ್ನೆ ಮಧ್ಯಾಹ್ನದಿಂದ ಒಂದ್ ತುತ್ತೂ ತಿಂದಿಲ್ಲ. ಗೊತ್ತಾ ನಿಮ್ಗೆ?"

ನಾಲ್ಕು ಹೊತ್ತು! ಕೋಣೆಯಲ್ಲಿ ಕೊಟ್ಟ ಚಹಾ, ಎರಡು ಬಿಸ್ಕತ್ತು, ಅಷ್ಟೇ ಅಂತೆ.

"ಕೇಳಿದ್ರೆ, ಎಲ್ರದ್ದೂ ಆಗ್ಲಿ, ಆಮೇಲೆ ಕೂತ್ಕೊತೀನಿ ಅಂತಾರೆ. ಇಲ್ಲಿ ಎಲ್ರದ್ದೂ ಆಗೋದು ಅಂತಾನೇ ಇಲ್ಲ ಸಾರ್. ಟೈಮ್ ಆದ್ರೆ ನಾವು ಮುಚ್ತೀವಿ, ಅಷ್ಟೇ. ಮುಚ್ಚಿದ್ಮೇಲೆ ಅವ್ರು ಸುಮ್ನೆ ಎದ್ದು ಹೋಗ್ಬಿಡ್ತಾರೆ." ಆಮೇಲೆ ಸ್ವಲ್ಪ ಸಂಕೋಚದಿಂದ, "ನಾವು ಕೆಲ್ಸದೋರು ಈಗ ಹಿಂದ್ಗಡೆ ಕೂತ್ಕೊತೀವಿ. ನಮ್ದೇ ಕೊನೇದು, ನಮ್ದಾದ್ಮೇಲೆ ಯಾರೂ ಇಲ್ಲ ಅಂತ ಹೇಳಿ ಕರ್ಕೊಂಡು ಹೋಗಿದೀನಿ. ನೀವೂ ಬನ್ನಿ," ಎಂದರು.

ಅಡುಗೆಮನೆಯ ಹಿಂದೆ ತಗಡಿನ ಸೂರು, ಉದ್ದನೆಯ ಸ್ಟೀಲಿನ ಮೇಜು. ಹತ್ತು ಹನ್ನೆರಡು ಜನ ದಣಿದ ಮುಖ ಹೊತ್ತು ಕೂತಿದ್ದರು. ಮುದ್ದೆ, ಸೊಪ್ಪಿನ ಸಾರು. ಅತಿಥಿಗಳಿಗೆ ಇಟ್ಟು ಉಳಿದ ಒಬ್ಬಟ್ಟೂ ಇತ್ತು. ಮೇಜಿನ ತುದಿಯಲ್ಲಿ ಬಾವ. ಅವರ ಬಲಕ್ಕೆ ಒಂದು ಕುರ್ಚಿ ಖಾಲಿ, ಅದರ ಮುಂದೊಂದು ತಟ್ಟೆ. ನನಗಾಗಿಯೇ ಇಟ್ಟದ್ದೆಂದು ಅದನ್ನು ಎಳೆದುಕೊಳ್ಳಲು ಹೋದೆ.

"ಅಲ್ಲಿ ಬ್ಯಾಡಿ ಮೇಷ್ಟ್ರೆ. ಈ ಕಡೆ ಬನ್ನಿ."

ಎಡಕ್ಕೆ ಬಂದು ಕೂತೆ. ಬಾವ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ನಾಲ್ಕು ತುತ್ತು ನುಂಗಿದ ಮೇಲೆ, ನನ್ನ ಕಡೆ ನೋಡದೆಯೇ ಹೇಳಿದರು.

"ನಿಮ್ಮಕ್ಕ ಬಲಗಡೆ ಕೂತ್ಕೊಳ್ಳೋಳು."

ನಾನು ಆ ಖಾಲಿ ಕುರ್ಚಿಯ ಕಡೆ ನೋಡಿದೆ.

"ಇಪ್ಪತ್ತೆರಡು ಜನದ ಮನೆ ನಮ್ದು. ಗಂಡಸ್ರು ಉಂಡ್ಮೇಲೆ ಹೆಂಗಸ್ರು. ಅಪ್ಪನ ಮುಂದೆ ಹೆಂಡ್ತಿ ಪಕ್ಕ ಕೂತು ಉಣ್ಣೋದುಂಟಾ ಮೇಷ್ಟ್ರೆ? ಅಪ್ಪ ಹೋದ್ಮೇಲೂ ಅದೇ ರೂಢಿ ನಿಂತೋಯ್ತು. ಮದ್ವೆಮನೇಲಿ ಕೊನೇ ಪಂಕ್ತಿಗೆ ನೆಂಟ್ರು ಯಾರೂ ಇರ್ತಿರ್ಲಿಲ್ಲ. ಅವ್ಳೂ ಒಳಗಡೆ ಕೆಲ್ಸ ಅಂತ ಉಳ್ಕೊಳ್ಳೋಳು. ಇಬ್ರೂ ಒಟ್ಟಿಗೆ ಕೂರ್ತಿದ್ದದ್ದು ಅದೊಂದೇ ಕಡೆ." ಇನ್ನೊಂದು ತುತ್ತು ಮುರಿಯುತ್ತ, "ನೀವು ಅವತ್ತು ಮೈಕಲ್ಲಿ ಏನೇನೋ ಹೇಳ್ಬುಟ್ರಿ. ನಂಗೆ ನಾಚ್ಕೆ ಆಯ್ತು. ತ್ಯಾಗ ಗೀಗ ಏನೂ ಇಲ್ಲ. ನಂಗೆ ಅವ್ಳ ಜೊತೆ ಉಣ್ಬೇಕಿತ್ತು, ಅಷ್ಟೇಯ."

ಒಬ್ಬಟ್ಟು ಬಡಿಸುತ್ತ ಬಂದವನು ಖಾಲಿ ತಟ್ಟೆಗೂ ಒಂದನ್ನು ಹಾಕಿ ಮುಂದೆ ಹೋದ. ಅಕ್ಕನಿಗೆ ಸಿಹಿ ಸೇರುತ್ತಿರಲಿಲ್ಲ; ಚಿಕ್ಕಂದಿನಲ್ಲಿ ತನ್ನ ಪಾಲನ್ನು ಯಾರೂ ನೋಡದಾಗ ನನ್ನ ತಟ್ಟೆಗೆ ಜಾರಿಸುತ್ತಿದ್ದಳು. ಬಾವ ತಮ್ಮದನ್ನು ತಿಂದು ಮುಗಿಸಿದರು. ಆಮೇಲೆ ಕೈ ಚಾಚಿ, ಪಕ್ಕದ ತಟ್ಟೆಯದನ್ನೂ, ಅದು ತಮಗೇ ಬರಬೇಕಾದದ್ದು ಎಂಬ ಅಭ್ಯಾಸದಿಂದ, ತಮ್ಮ ತಟ್ಟೆಗೆ ಎಳೆದುಕೊಂಡರು. ನಾನು ಮುದ್ದೆ ಮುರಿಯುವ ನೆಪದಲ್ಲಿ ತಲೆ ತಗ್ಗಿಸಿದೆ.

ವಸಂತ ಹುಡುಕಿಕೊಂಡು ಬಂದು ಸೂರಿನ ಅಂಚಿನಲ್ಲಿ ನಿಂತ. ಜಾಫರ್ ಅವನಿಗೂ ಹೇಳಿರಬೇಕು. ಅವನ ಕಣ್ಣು ಮಂಜಾಗಿತ್ತು. "ಅಪ್ಪಾ, ಊಟ ಆಯ್ತಾ?" ಎಂದ.

"ಆಯ್ತು ಕಣಪ್ಪಾ," ಎಂದರು ಬಾವ. "ಚೆನ್ನಾಗಾಯ್ತು." ಎದ್ದು, ಪಂಚೆಯ ಅಂಚು ಹಿಡಿದು, ಕುರ್ಚಿಗಳ ಸಾಲಿನ ಪಕ್ಕ ಓರೆಯಾಗಿ ನಡೆದು ಕೈತೊಳೆಯಲು ಹೋದರು.

ಪ್ರತಿಯೊಂದು ಬಳಗದಲ್ಲೂ ಇಂಥವರು ಒಬ್ಬರಿರುತ್ತಾರೆ. ಎಲ್ಲರನ್ನೂ ಕೂರಿಸಿ, ಎಲ್ಲರನ್ನೂ ವಿಚಾರಿಸಿ, ತಾವು ಕೊನೆಗೆ ಉಳಿಯುವವರು. ನಾವು ಅವರಿಗೆ ದೊಡ್ಡ ದೊಡ್ಡ ಹೆಸರುಗಳನ್ನು ಕೊಟ್ಟು, ಒಂದು ಶಾಲು ಹೊದಿಸಿ, ನಿಶ್ಚಿಂತರಾಗಿ ಮೊದಲ ಪಂಕ್ತಿಯಿಂದ ಎದ್ದು ಮನೆಗೆ ಹೋಗುತ್ತೇವೆ. ಅವರು ಊಟಕ್ಕೆ ಕೂರುವ ಹೊತ್ತಿಗೆ ನಾವ್ಯಾರೂ ಅಲ್ಲಿರುವುದಿಲ್ಲ. ಆದ್ದರಿಂದ ಅವರ ಪಕ್ಕದಲ್ಲಿ ಯಾರು ಕೂರುತ್ತಿದ್ದರು, ಎಂದಿನಿಂದ ಕೂರುತ್ತಿಲ್ಲ ಎಂಬುದು ನಮಗೆ ತಿಳಿಯುವುದೇ ಇಲ್ಲ. ನನ್ನ ಅಕ್ಕ ಸತ್ತು ಮೂರು ವರ್ಷವಾಗಿತ್ತು; ಅವಳ ಜಾಗ ಯಾವುದಿತ್ತೆಂದು, ಅವಳ ಒಡಹುಟ್ಟಿದವನಾದ ನನಗೆ ಗೊತ್ತಾದದ್ದು ಆ ಭಾನುವಾರ.