ಪೈಪಿಗೆ ಕೇಳಿದ ಕ್ಷಮೆ

"ಲೇ ಮುಂಡೇದೆ, ಅದೇನು ನಿಮ್ಮಪ್ಪ ಹೊಡೆಸಿಟ್ಟ ಗೂಟನಾ, ಬುತ್ತಿ ನೇತಾಕಕ್ಕೆ?"

ಮ್ಯಾನೇಜರ್ ಹೆಂದಾರ್ತೊ ಕಿರುಚಿದ್ದು ಬೆಲ್ಟುಗಳ ಸದ್ದನ್ನೂ ಮೀರಿ ಗೋದಾಮಿನ ಆ ತುದಿಗೆ ಕೇಳಿಸಿತು. ವಾರ್ತಿಯಾ ಬಗ್ಗಿಸಿದ ಬೆನ್ನನ್ನು ನೆಟ್ಟಗೆ ಮಾಡಲಿಲ್ಲ. ಮಾಡಿದ್ದರೆ ತಲೆ ಬೆಲ್ಟಿನ ತಳಕ್ಕೆ ಬಡಿಯುತ್ತಿತ್ತು. ಪೆಟ್ಟಿಗೆ ಹೊತ್ತು ಒಂದರ ಮೇಲೊಂದರಂತೆ ಓಡುವ ಎರಡು ಅಗಲವಾದ ಬೆಲ್ಟು, ಅವುಗಳ ಕೆಳಗೆ ಗುಹೆಯಂಥ ಜಾಗ, ಅಲ್ಲಿ ಕೆಳಗೆ ಬಿದ್ದ ಪೆಟ್ಟಿಗೆಗಳನ್ನು ಹೆಕ್ಕಿ ಟೇಪು ಸುತ್ತುವ ನಾಲ್ಕು ಹೆಂಗಸರು. ಕಾರ್ಖಾನೆಗಳ ಊರಾದ ಚಿಕಾರಂಗಿನಲ್ಲಿ ಗೋದಾಮುಗಳಿಗೇನೂ ಬರವಿಲ್ಲ. ಆದರೆ ಇಷ್ಟು ಬಗ್ಗಿ ದುಡಿಸುವ ಗೋದಾಮು ಇದೊಂದೇ ಎಂದು ವಾರ್ತಿಯಾಳ ನಂಬಿಕೆ.

ಬಾಳೆಲೆಯಲ್ಲಿ ಕಟ್ಟಿದ ಅನ್ನ, ಕರಿದ ಸೋಯಾ ತೆಂಪೆ, ಖಾರದ ಸಂಬಾಲ್ ಇದ್ದ ಚೀಲವನ್ನು ಅವಳು ತಲೆಯ ಮೇಲಿನ ಕೆಂಪು ಪೈಪಿಗೆ ನೇತುಹಾಕಿದ್ದಳು. ನೆಲಕ್ಕಿಟ್ಟರೆ ಇಲಿಯ ಪಾಲು. ಆ ಪೈಪು ಬಂದು ಇನ್ನೂ ತಿಂಗಳಾಗಿರಲಿಲ್ಲ. ಹಿಂದೊಮ್ಮೆ ಬೆಲ್ಟಿನ ರೋಲರ್ ಕಾದು ರಟ್ಟಿನ ಧೂಳು ಹೊತ್ತಿಕೊಂಡಾಗ, ಪಕ್ಕದಲ್ಲಿದ್ದ ಎಂತಿನ್ ತನ್ನ ಫ್ಲಾಸ್ಕಿನ ಚಹಾ ಸುರಿದು ಆರಿಸಿದ್ದಳು. ಓಡಿ ಬಂದ ಹೆಂದಾರ್ತೊ ಮೊದಲು ಕೇಳಿದ್ದು, ಪೆಟ್ಟಿಗೆಗೆ ಚಹಾದ ಕಲೆ ಹೇಗಾಯಿತು ಎಂದು. ಸೂರಿನಲ್ಲಿ, ಬೆಂಕಿ ಬಿದ್ದರೆ ನೀರು ಸುರಿಸುವ ಸ್ಪ್ರಿಂಕ್ಲರ್‌ಗಳಿದ್ದವು, ನಿಜ. ಆದರೆ ಅವು ಎಷ್ಟು ಸುರಿದರೂ ನೀರು ಬೆಲ್ಟಿನ ಬೆನ್ನ ಮೇಲೇ ಹರಿದುಹೋಗುತ್ತದೆ, ಕೆಳಗಿದ್ದವರಿಗೆ ಹನಿಯೂ ಸಿಗದು. ಅದಕ್ಕೇ ವಿಮೆ ಕಂಪನಿ ಬೆಲ್ಟಿನ ಕೆಳಗೂ ಸ್ಪ್ರಿಂಕ್ಲರ್ ಬೇಕೆಂದು ಪಟ್ಟು ಹಿಡಿದಿತ್ತು. ಎರಡೇ ದಿನದಲ್ಲಿ ಪೈಪು ಬಂದಾಗ ಹೆಂಗಸರು ಖುಷಿಯಿಂದ ಅದಕ್ಕೆ ಕೈಬೀಸಿದ್ದರು.

"ನಿಮ್ಮ ಜೀವ ಉಳಿಸೋ ಪೈಪ್ ಕಣೇ ಅದು! ಅದರ ಮೇಲೆ ಕೈಯಿಟ್ಟು ತಪ್ಪಾಯ್ತು ಅನ್ನು. ಎಲ್ಲರಿಗೂ ಕೇಳ್ಬೇಕು!"

ಕೆಲಸ ನಿಲ್ಲಿಸಿ ಎಲ್ಲರೂ ನೋಡಿದರು. ಮೊಮ್ಮಗುವನ್ನು ಕಂಡ ವಾರ್ತಿಯಾ, ಒಂದು ಪೈಪಿನೆದುರು ಕೈಯೊಡ್ಡಿ ನಿಂತಳು. ಮೈಯೆಲ್ಲ ಉರಿಯಿತು.

"ತಪ್ಪಾಯ್ತು ಪೈಪಪ್ಪ, ಕ್ಷಮ್ಸು" ಎಂದಳು. ಸಿಟ್ಟಿಗೆ ಕೈ ಸ್ವಲ್ಪ ಜೋರಾಗಿಯೇ ಬಿತ್ತು. ಬೆರಳಿನ ಉಂಗುರ ಪೈಪಿಗೆ ತಾಗಿ ಠಣ್ಣೆಂದಿತು.

ಹೆಂದಾರ್ತೊ ಹೋದ ಮೇಲೂ ಆ ಸದ್ದು ಅವಳ ಕಿವಿಯಲ್ಲೇ ಇತ್ತು. ಮೂವತ್ತು ವರ್ಷ ಅಂಗಡಿಯಲ್ಲಿ ಗ್ಯಾಸ್ ಸಿಲಿಂಡರನ್ನು, ತುಂಬಿದೆಯೋ ಖಾಲಿಯೋ ಎಂದು ಬಡಿದು ನೋಡಿಯೇ ಮನೆಗೆ ತಂದ ಹೆಂಗಸು ಅವಳು. ಸೂರಿನಿಂದ ಇಳಿದು ಬಂದ ಹಳೆ ಪೈಪನ್ನು ಹೋಗಿ ತಟ್ಟಿದಳು. ದಬ್ಬೆಂದಿತು. ಮತ್ತೆ ಬಂದು ಇದನ್ನು ತಟ್ಟಿದಳು. ಠಣ್.

"ಎಂತಿನ್, ಬಾರೇ ಇಲ್ಲಿ. ಇದು ಖಾಲಿ ಕಣೇ!"

ಎಂತಿನ್ ಪೈಪಿನ ಜಾಡು ಹಿಡಿದು ತುದಿಯವರೆಗೆ ತೆವಳಿಕೊಂಡು ಹೋಗಿ, ಮೂಗಿಗೆ ಧೂಳು ಮೆತ್ತಿಕೊಂಡು ವಾಪಸ್ ಬಂದಳು. "ಅಕ್ಕ, ಇದು ಎಲ್ಲಿಗೂ ಹೋಗಿಲ್ಲ. ಗೋಡೆ ತಾವ ಒಂದು ಮುಚ್ಚಳ ಆಕ್ಬುಟ್ಟವ್ನೆ, ಬೋಳಿಮಗ!"

ಇಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಭಯ ಬಂತು. ಮುಂದಿನ ಬೆಂಕಿ ಹೊತ್ತಿಗೆ ಫ್ಲಾಸ್ಕಿನಲ್ಲಿ ಚಹಾ ಉಳಿದಿರುತ್ತದೆ ಎಂದು ಯಾರು ಬರೆದುಕೊಡುತ್ತಾರೆ?

ಗುರುವಾರ ಬೆಳಿಗ್ಗೆ ವಿಮೆ ಕಂಪನಿಯ ಇನ್ಸ್‌ಪೆಕ್ಟರ್ ಸಿಹೊಂಬಿಂಗ್ ಬಂದ. ದಪ್ಪ ಆಳು, ಹೊಳೆಯುವ ಬೂಟು. ಬೆಲ್ಟಿನ ಕೆಳಗೆ ಅರ್ಧ ಬಗ್ಗಿ, ಬ್ಯಾಟರಿ ಬಿಟ್ಟು, ಕೆಂಪು ಪೈಪನ್ನು ಕಂಡು ತಲೆದೂಗಿದ.

"ಇಪ್ಪತ್ನಾಲ್ಕು ಗಂಟೆನೂ ನೀರು ತುಂಬಿರುತ್ತೆ ಸಾರ್" ಎಂದ ಹೆಂದಾರ್ತೊ, ಅಚ್ಚ ಬಿಳಿಯ ಅಂಗಿಯಲ್ಲಿ. ಇನ್ಸ್‌ಪೆಕ್ಟರ್ ಒಪ್ಪಿಗೆಯ ಸಹಿಗೆ ಪೆನ್ನಿನ ಮುಚ್ಚಳ ತೆಗೆದ.

"ಸಾಹೇಬ್ರೆ, ಒಂದ್ಕಿತ ಬಡ್ದು ನೋಡಿ" ಎಂದಳು ವಾರ್ತಿಯಾ.

"ಇವಳಿಗೆ ಅರಳು ಮರಳು ಸಾರ್. ಹೋಗೇ, ಬಾಯ್ಮುಚ್ಕೊಂಡು ಟೇಪ್ ಸುತ್ತು. ನಾಳೆಯಿಂದ ಬರೋದೇ ಬೇಡ ನೀನು!"

ಕೆಲಸ ಹೇಗೂ ಹೋಯಿತು. ವಾರ್ತಿಯಾಳ ಎದೆ ಹಗುರವಾಗಿತ್ತು. ಸಿಕ್ಕಿಕೊಂಡ ಪೆಟ್ಟಿಗೆ ಎಳೆಯುವ ಕೊಕ್ಕೆಯ ಕೋಲನ್ನು ಕೈಗೆತ್ತಿಕೊಂಡಳು. ಬೆಲ್ಟಿನ ಕೆಳಗೆ ಬಗ್ಗಿ ನಿಂತಿದ್ದ ಹೆಂದಾರ್ತೊನ ತಲೆಯ ಮೇಲೇ ಆ ಕೆಂಪು ಪೈಪಿನ ಒಂದು ಸ್ಪ್ರಿಂಕ್ಲರ್ ಇತ್ತು. ಬೆಂಕಿಯ ಕಾವಿಗೆ ಒಡೆಯಬೇಕಾದ ಅದರ ಪುಟ್ಟ ಕೆಂಪು ಗಾಜಿಗೆ ಗುರಿಯಿಟ್ಟಳು.

"ನೀರ್ ಬತ್ತದೆ, ಎಲ್ರೂ ಸರ್ಕಳಿ!" ಎಂದು ಕೂಗಿ ಬೀಸಿದಳು.

ಗಾಜು ಚಟ್ಟೆಂದಿತು. ಇನ್ಸ್‌ಪೆಕ್ಟರ್ ಫೈಲನ್ನು ತಲೆಗೆ ಹಿಡಿದು, ಅಷ್ಟು ಮೈ ಇದ್ದೂ ಮೊಲದಂತೆ ಹಾರಿ ಪೆಟ್ಟಿಗೆಗಳ ಹಿಂದೆ ಕುಕ್ಕರಿಸಿದ. ಹೆಂಗಸರು ಚೀರುತ್ತ ಚದುರಿದರು. ಎಲ್ಲ ಗೊತ್ತಿದ್ದ ಎಂತಿನ್ ಕೂಡ ಕೊಡೆ ಬಿಚ್ಚಿ ಹಿಡಿದಳು. ಹೆಂದಾರ್ತೊ ಮಾತ್ರ ಬಾಯಿಗೆ ಬಂದಂತೆ ಬೈಯುತ್ತ ನಿಂತಲ್ಲೇ ನಿಂತಿದ್ದ. ಅವನ ಕಾಲು ಒಂದಿಂಚೂ ಕದಲಿರಲಿಲ್ಲ. ಮೇಲಿನಿಂದ ಒಂದು ಚಿಟಿಕೆ ಕಬ್ಬಿಣದ ಪುಡಿ ಅವನ ಬಿಳಿ ಹೆಗಲ ಮೇಲೆ ಉದುರಿತು. ಅಷ್ಟೇ.

"ಸಾಹೇಬ್ರೆ" ಎಂದಳು ವಾರ್ತಿಯಾ ಹೆಂದಾರ್ತೊನತ್ತ ತಿರುಗಿ, ಕೋಲು ಊರಿಕೊಂಡು. "ನಾವು ಇಷ್ಟೂ ಜನ ಓಡುದ್ವು. ಇನ್‌ಸ್ಪೆಟ್ರೂ ಓಡುದ್ರು. ನೀವ್ಯಾಕೆ ಓಡ್ನಿಲ್ಲ?"

ಹೆಂದಾರ್ತೊ ಹೆಗಲ ಮೇಲಿನ ಪುಡಿ ಕೊಡವಿಕೊಂಡ. ಪೆಟ್ಟಿಗೆಗಳ ಹಿಂದಿನಿಂದ ಇನ್ಸ್‌ಪೆಕ್ಟರ್ ನಿಧಾನಕ್ಕೆ ತಲೆ ಎತ್ತಿ, ಮ್ಯಾನೇಜರನ ಒಣ ಅಂಗಿಯನ್ನೂ ತನ್ನ ಕೊಳೆಯಾದ ಮಂಡಿಗಳನ್ನೂ ನೋಡಿಕೊಂಡ.

ಎಂತಿನ್ ಕೊಡೆ ಮಡಚಿ, ಬೆಲ್ಟು ನಿಲ್ಲಿಸುವ ಕೆಂಪು ಹಗ್ಗವನ್ನು ಎಳೆದಳು. ಗೋದಾಮು ತೆಪ್ಪಗಾಯಿತು. ಸೂರಿನ ಗುಬ್ಬಚ್ಚಿಗಳ ಸದ್ದು ಕೇಳಿಸಿತು. ಅವಳು ತನ್ನ ಬುತ್ತಿಯನ್ನು ತಂದು ಪೈಪಿಗೆ ನೇತುಹಾಕಿದಳು. ಉಳಿದಿಬ್ಬರೂ ಹಾಕಿದರು. ಆಚೆ ಸಾಲಿನಿಂದಲೂ ಹೆಂಗಸರು ಚೀಲ ಹಿಡಿದು ಬರತೊಡಗಿದರು. ಅದರಲ್ಲೊಬ್ಬಳದು ಉಪ್ಪುಮೀನು, ಗೋದಾಮೆಲ್ಲ ಘಮ್ಮೆಂದಿತು.

"ತೆಗೀರೇ ಅದನ್ನ!" ಹೆಂದಾರ್ತೊನ ದನಿ ಈಗ ಪಕ್ಕದವರಿಗೂ ಸರಿಯಾಗಿ ಕೇಳಿಸಲಿಲ್ಲ.

"ನೀರು ಬರೋಗಂಟ ಇದು ಗೂಟವೇ ಸಾಹೇಬ್ರೆ. ನೀರು ಬಂದಿದ್ ದಿನ ನಾವೇ ತಗುದು, ಇನ್ನೊಂದ್ಕಿತ ಕ್ಷಮೆ ಕೇಳ್ತೀವಿ" ಎಂದಳು ವಾರ್ತಿಯಾ.

ಬೆಲ್ಟಿನ ಕೆಳಗೆ ಹೆಂಗಸರು ಸಾಲಾಗಿ ಕುಳಿತರು. ಇನ್ಸ್‌ಪೆಕ್ಟರನ ಪೆನ್ನು ಕಾಗದದ ಮೇಲೆ ತೆರೆದೇ ಇತ್ತು, ಇನ್ನೂ ಒಂದಕ್ಷರ ಇಳಿದಿರಲಿಲ್ಲ. ನಲವತ್ತು ಜೊತೆ ಕಣ್ಣು ಆ ಪೆನ್ನನ್ನೇ ನೋಡುತ್ತಿದ್ದವು.