ಹೆದರಿದವರ ಮಣಿಕಟ್ಟು

ವಾಚ್ ರಿಪೇರಿ ಯಜಮಾನರಿಗೆ ಅಳಿಯನ ಮೇಲೆ ಕೋಪವೇನೂ ಇರಲಿಲ್ಲ. ಇದ್ದದ್ದು ಶುದ್ಧ ಹೊಟ್ಟೆಕಿಚ್ಚು. ಅದೂ ತಮ್ಮ ಹೆಂಡತಿಯ ಕೈ ವಿಷಯಕ್ಕೆ.

ಭಾನುವಾರ ಊಟವಾದ ಮೇಲೆ ಕಿಟಕಿಯ ಪರದೆ ಎಳೆದು, ಗಂಡ ಹೆಂಡತಿ ಟೀವಿಯಲ್ಲಿ ಹಳೆಯ ಥ್ರಿಲ್ಲರ್ ನೋಡುವುದು ಆ ಮನೆಯ ಕಟ್ಟಳೆ. ಅರವತ್ತರ ದಶಕದ ಶುರುವಿನ ಕಪ್ಪು-ಬಿಳುಪಿನವೇ ಆಗಬೇಕು. ಆಗಿನವರಿಗೆ ಹೆದರಿಸುವುದು ಗೊತ್ತಿತ್ತು ಎಂಬುದು ಯಜಮಾನರ ವಾದ. ಒಂದು ಹನಿ ರಕ್ತ ತೋರಿಸದೆ, ಮೆಟ್ಟಿಲ ಮೇಲೆ ಒಂದು ಜೊತೆ ಬೂಟು ಹತ್ತಿಸಿ ಜೀವ ಬಾಯಿಗೆ ತರುತ್ತಿದ್ದರು. ಹಗ್ಗದ ಸೇತುವೆಯ ಎಳೆಗಳು ಒಂದೊಂದಾಗಿ ಬಿಚ್ಚುವಾಗ ಸಂಗೀತ ನಿಲ್ಲಿಸಿ ಬರೀ ಗಾಳಿಯ ಸದ್ದು ಕೇಳಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಹೆಂಡತಿ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು. ಮಾತಿನಲ್ಲಿ ಪ್ರೀತಿ ತೋರಿಸುವವಳಲ್ಲ ಆಕೆ. ವಾರಕ್ಕೊಮ್ಮೆ ಸಿಗುವ ಆ ಹಿಡಿತವೇ ಯಜಮಾನರ ಆಸ್ತಿ.

ಈಚೆಗೆ ಮಗಳಿಗೆ ಭಾನುವಾರ ಆಸ್ಪತ್ರೆಯಲ್ಲಿ ಡ್ಯೂಟಿ ಬಿತ್ತು. ಅಳಿಯ ಒಬ್ಬನೇ ಬಂದು ಸೋಫಾದ ನಡುವೆ ಕೂರತೊಡಗಿದ. ಹಲ್ಲಿನ ಡಾಕ್ಟರು, ದಿನಾ ಜನರ ಬಾಯಲ್ಲಿ ಡ್ರಿಲ್ ತಿರುಗಿಸುವವನು. ಬೂಟು ಮೊದಲ ಮೆಟ್ಟಿಲ ಮೇಲೆ ಬಿದ್ದದ್ದೇ ತಡ, ಹೆಂಡತಿಯ ಕೈ ಹೋಗಿ ಅವನ ಮಣಿಕಟ್ಟನ್ನು ಹಿಡಿಯಿತು. ಪಕ್ಕದಲ್ಲಿದ್ದಾನಲ್ಲ, ಅದಕ್ಕೇ ಎಂದು ಯಜಮಾನರು ಹೊಟ್ಟೆಯ ಕಿಚ್ಚಿಗೆ ತಣ್ಣೀರು ಹಾಕಿಕೊಂಡರು. ಮುಂದಿನ ವಾರ ಊಟ ಅರ್ಧಕ್ಕೇ ಬಿಟ್ಟು ಎದ್ದು ನಡುವಿನ ಜಾಗ ಹಿಡಿದರು. ಹೆಂಡತಿಯ ಕೈ ಅವರ ಮಡಿಲನ್ನು ದಾಟಿ ಹೋಗಿ ಅಳಿಯನನ್ನೇ ಹಿಡಿಯಿತು.

ಯಜಮಾನರಿಗೆ ತಡೆಯಲಾಗಲಿಲ್ಲ.

"ಆ ತೋಟದವನೇ ಕೊಲೆಗಾರ. ಬಾಂಬು ಗಡಿಯಾರದಲ್ಲಿಲ್ಲ, ಹೂದಾನಿಯಲ್ಲಿದೆ. ಇನ್ನು ಯಾರೂ ಸಾಯಲ್ಲ," ಎಂದುಬಿಟ್ಟರು.

"ಹೌದಾ ಮಾವ?" ಅಳಿಯ ಉಸಿರುಬಿಟ್ಟು ಹಿಂದಕ್ಕೊರಗಿದ. ಹೆಂಡತಿಯ ಕೈ ವಾಪಸು ಬಂತು. ಬಂದು ಅವಳ ಮಡಿಲಲ್ಲೇ ಕೂತಿತು.

ಅಳಿಯ ಹೊರಟ ಮೇಲೆ ಅವಳು ಲೋಟಗಳನ್ನು ಕುಕ್ಕಿದಳು.

"ಚೆನ್ನಾಗಿರೋದನ್ನ ಕೆಡಿಸಿದ್ರಿ."

"ನಿನಗೆ ಭಯ ಆಗ್ತಿತ್ತಲ್ಲ ಅಂತ ಹೇಳ್ದೆ."

"ನನಗಾ? ಇದನ್ನ ಮದುವೆಗೆ ಮುಂಚೇನೇ ಅಕ್ಕನ ಜೊತೆ ನೋಡಿದ್ದೆ. ಪಾಪ, ಆ ಹುಡುಗ ಬೆವರ್ತಾನೆ, ಕಣ್ಣು ಮುಚ್ಕೋತಾನೆ. ಅದಕ್ಕೆ ಹಿಡ್ಕೊಂಡೆ."

"ಮತ್ತೆ ಇಷ್ಟು ವರ್ಷ ನನ್ನ ಕೈ?"

"ನೀವು ನಡುಗ್ತಿದ್ರಿ. ಈಗ ನಿಮಗೆಲ್ಲಾ ಬಾಯಿಪಾಠ. ಸಿನಿಮಾದ ಗಡಿಯಾರದಲ್ಲಿ ಮುಳ್ಳು ತಪ್ಪಾಗಿದೆ ಅಂತ ನಗ್ತಾ ಕೂತಿರ್ತೀರಿ. ನಗೋರ ಕೈ ಯಾಕೆ ಹಿಡೀಲಿ?"

ಯಜಮಾನರು ಇಂಗು ತಿಂದ ಮಂಗನಂತೆ ಕೂತರು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದರೂ ಅಲುಗದ ಕೈ ತಮ್ಮದು ಎಂದು ಅಂಗಡಿಯಲ್ಲಿ ಬೀಗುತ್ತಿದ್ದವರು. ಇಷ್ಟು ವರ್ಷ ಧೈರ್ಯ ಕೊಟ್ಟವರು ತಾವಲ್ಲ, ಪಡೆದವರು. ಈಗ ಅಳಿಯನ ಭಯದ ಮೇಲೂ ಹೊಟ್ಟೆಕಿಚ್ಚಾಯಿತು. ಎಲ್ಲವನ್ನೂ ಮೊದಲ ಸಲ ನೋಡುವ ಭಾಗ್ಯವಂತ.

ಮುಂದಿನ ಭಾನುವಾರ ಅದೇ ಸೋಫಾ, ಮತ್ತೊಂದು ಸಿನಿಮಾ. ಯಜಮಾನರು ಹೆಂಡತಿಯ ಕಡೆ ಬಾಗಿದರು.

"ಏ ಇವಳೇ, ನನಗೆ ಭಯ ಆಗ್ತಿದೆ."

"ಇನ್ನೂ ಹೆಸರುಗಳು ಬರ್ತಿವೆ ರೀ."

"ಸಿನಿಮಾದ ಭಯ ಅಲ್ಲ. ಇವತ್ತೂ ನೀನು ನನ್ನ ಕೈ ಹಿಡೀದೆ ಹೋದ್ರೆ ಅಂತ."

ನಾಟಕವಿರಬೇಕೆಂದು ಅವಳು ಅವರ ಬೆರಳು ಮುಟ್ಟಿ ನೋಡಿದಳು. ನಿಜವಾಗಿಯೂ ನಡುಗುತ್ತಿತ್ತು. ಎದ್ದು, "ಸರೀರಿ" ಎಂದು ಅವರನ್ನು ಪಕ್ಕಕ್ಕೆ ತಳ್ಳಿ, ಮಾವ ಅಳಿಯನ ನಡುವೆ ಕೂತಳು.

ಮೆಟ್ಟಿಲ ಮೇಲೆ ಬೂಟು ಬಂತು. ಎರಡೂ ಕೈಗೆ ಕೆಲಸ ಬಂತು. ಯಜಮಾನರು ಸಿನಿಮಾ ಬಿಟ್ಟು ಓರೆಗಣ್ಣಿನಲ್ಲಿ ಅತ್ತ ನೋಡಿದರು. ಅಳಿಯನ ಮಣಿಕಟ್ಟಿನ ಮೇಲೆ ಅವಳ ಬೆರಳುಗಳು ಸುಮ್ಮನೆ ಕೂತಿದ್ದವು. ತಮ್ಮದರಲ್ಲಿ ಉಗುರು ಊರಿತ್ತು. ನೋಯುತ್ತಿತ್ತು. ಅವರು ಬಿಡಿಸಿಕೊಳ್ಳಲಿಲ್ಲ.