ಕೊಳಲಿಗೆ ಇಳಿಯದ ಎದೆ

ಯಾದಗಿರಿಯ ಡಾಕ್ಟರು ಮಾತ್ರೆಗಳ ಜೊತೆಗೆ ಒಂದು ಪುಕ್ಕಟೆ ಸಲಹೆಯನ್ನೂ ಕೊಟ್ಟಿದ್ದರು: ಹಾಡು ಬೇಡ, ಬರೀ ವಾದ್ಯ ಕೇಳಿಸಿರಿ, ಹೃದಯ ಶಾಂತವಾಗುತ್ತದೆ. ಸಗರದ ಶಾಲೆಯಲ್ಲಿ ಮಾಸ್ತರಾಗಿದ್ದ ಬುದ್ಧಪ್ರಿಯ ಓದಿದವರ ಮಾತನ್ನು ನೆಲಕ್ಕೆ ಬೀಳಗೊಡುವವನಲ್ಲ. ಶಹಾಪುರದಿಂದ ಪುಟ್ಟ ಸ್ಪೀಕರು ತಂದು, ಎದೆಬಡಿತ ಏರಿ ಹಾಸಿಗೆ ಹಿಡಿದಿದ್ದ ಅಪ್ಪ ಅಂಬ್ರಪ್ಪನ ತಲೆದೆಸೆಗಿಟ್ಟ, ಬೆರಳಿಗೆ ನಾಡಿಯ ಮಷೀನು ಸಿಕ್ಕಿಸಿದ, ಕೊಳಲು ಹಚ್ಚಿದ. ಕೊಳಲು ತನ್ನ ಪಾಡಿಗೆ ಅತ್ತಿತು, ಎದೆ ತನ್ನ ಪಾಡಿಗೆ ಓಡಿತು.

ಮೂರನೆಯ ದಿನ ಮುಂಜಾನೆ ಗೌಡರ ಓಣಿಯಲ್ಲೊಂದು ಸಾವಾಯಿತು. ಬೋನಾಳದಿಂದ ಕರೆಸಿದವರು ಚರ್ಮದ ಹಲಗಿಯನ್ನು ಬೆಂಕಿಗೆ ಕಾಸಿ ಬಡಿಯತೊಡಗಿದರು. ಆ ಹೊಡೆತ ಕಿಟಕಿಯಿಂದ ಒಳಬರುತ್ತಿದ್ದಂತೆ ಮಷೀನಿನ ಅಂಕಿ ಇಳಿದದ್ದನ್ನು ಅಂಬ್ರಪ್ಪನ ಹೆಂಡತಿ ದೇವಕಮ್ಮ ಕಣ್ಣಾರೆ ನೋಡಿದಳು. ಜಳಕ ಮುಗಿಸಿ ಬಂದ ಮಗನೂ ನೋಡಿದ; ತಲೆದೆಸೆಯಲ್ಲಿ ಕೊಳಲು ಇನ್ನೂ ನುಡಿಯುತ್ತಿತ್ತು.

"ಕೊಳಲಿನ ಗುಣ ನೋಡವ್ವ!" ಎಂದು ಹಿಗ್ಗಿ ಹೀರೇಕಾಯಿಯಾದ. ದೇವಕಮ್ಮ ಕಿಟಕಿಯ ಕಡೆ ನೋಡಿದಳು.

ಹುಟ್ಟಿದ ಜಾತಿಯ ಕರ್ಮಕ್ಕೆ ಊರ ಹೆಣಗಳ ಮುಂದೆಲ್ಲ ಹಲಗಿ ಬಡಿದವನು ಅಂಬ್ರಪ್ಪ. ಬಡಿದದ್ದಕ್ಕೆ ಅದೇ ಓಣಿಯವರು ದೂರದಿಂದ ಉಡಿಗೆ ಅನ್ನ ಎಸೆಯುತ್ತಿದ್ದರು. ಬೌದ್ಧ ದೀಕ್ಷೆ ತೊಗೊಂಡ ದಿನ ಅವನು ಅಜ್ಜನ ಕಾಲದ ಹಲಗಿಯನ್ನು ಒಲೆಗೆ ತುರುಕಿದ. ಪಕ್ಕದಲ್ಲಿ ಕೂತಿದ್ದ ಎಳೆಯ ಬುದ್ಧಪ್ರಿಯನಿಗೆ, "ಇನ್ನ ಈ ಮನ್ಯಾಗ ಈ ಸಪ್ಪಳ ಇಲ್ಲ ನೋಡು ಮಗನ" ಎಂದಿದ್ದ.

ಮಗ ಶಾಲೆಗೆ ಹೋದ ಮೇಲೆ ದೇವಕಮ್ಮ ಬಾಗಿಲು ಮುಂದಕ್ಕೆಳೆದು ಜೋಳ ಕೇರುವ ಮರವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಳು. ಗಂಡ ಬಡಿಯುತ್ತಿದ್ದ ಸಾವಿನ ನಡಿಗೆಯ ತಾಳ ಅವಳಿಗೂ ಬಾಯಿಪಾಠ. ಬೆರಳಿನಿಂದ ಮೆಲ್ಲಗೆ ಬಡಿದಳು. ಅಂಕಿ ಇಳಿಯಿತು, ಗಂಡನ ಉಸಿರು ಹದಕ್ಕೆ ಬಂತು. ಎಷ್ಟೋ ದಿನದ ಮೇಲೆ ಅವಳ ಜೀವಕ್ಕೂ ಸಮಾಧಾನವಾಯಿತು.

"ಸಾಕ್ ಮಾಡು" ಎಂದ ಅಂಬ್ರಪ್ಪ.

"ಯಾಕ? ಇಳಿಲಾಕತ್ತದಲ್ಲ?"

"ಅದಕ್ಕೇ ಸಾಕಂದೆ." ಅವನ ಕಣ್ಣು ತುಂಬಿದ್ದವು. "ನಾಯಿಗಿ ಹಾಕಿದಂಗ ಹಾಕಿದ್ ತಿಂದು ಬಡದೀನಿ. ಈ ಹಾಳ ಎದಿಗಿ ಇನ್ನಾ ಅದೇ ಬೇಕಂತ. ನಾಚಿಕಿಲ್ಲ ಇದಕ್ಕ."

"ನಾಚಿಕಿ ಕಟಗೊಂಡು ಸಾಯ್ತಿಯೇನು?" ದೇವಕಮ್ಮ ಸಿಡಿದಳು. "ಮಗನಿಗಿ ನಾ ಹೇಳ್ತೀನಿ."

"ಹೇಳಿದ್ಯಂದ್ರ ನನ್ನ ಆಣಿ. ಅಂವ ತಲಿ ಎತ್ತಿ ಅಡ್ಡಾಡಾಕತ್ತಾನ. ನಮ್ಮಪ್ಪನ ಎದ್ಯಾಗ ಇನ್ನಾ ಹಲಗಿ ಅದ ಅಂತ ಅವನಿಗಿ ತಿಳಿಬಾರದು."

ಅವಳು ಮರವನ್ನು ಗೂಟಕ್ಕೆ ಸಿಕ್ಕಿಸಿದಳು. ಆಣೆ ಹಾಕಿದ ಗಂಡನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅನ್ನ ಎಸೆದವರ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಸಂಜೆ ಮಗ ಬರುತ್ತಲೇ ಅಂಬ್ರಪ್ಪ ತಾನಾಗಿಯೇ, "ಕೊಳಲ ಹಚ್ಚಪ್ಪ" ಎಂದ. ಅಂಕಿ ಏರತೊಡಗಿತು. ಬುದ್ಧಪ್ರಿಯ ಬಗ್ಗಿ ನೋಡುವಷ್ಟರಲ್ಲಿ ಮುದುಕ ಮಷೀನು ಕಿತ್ತು ದಿಂಬಿನ ಕೆಳಗಿಟ್ಟ.

"ಬೆರಳ ನೋಯ್ತದ. ಎದಿ ಭಾಳ ತಂಪ ಆಗ್ಯಾದ ಬಿಡು."

ಮಗನ ಮುಖ ಅರಳಿತು. ಡಾಕ್ಟರಿಗೆ ತಿಳಿಸಲು ಫೋನು ಹಿಡಿದು ಅಂಗಳಕ್ಕೆ ಹೋದ.

ಚಾದರದ ಕೆಳಗೆ ಅಂಬ್ರಪ್ಪನ ಬಲಗೈ ಬೆರಳು ತೊಡೆಯ ಮೇಲೆ ಬಡಿಯತೊಡಗಿದವು. ದೇವಕಮ್ಮ ನೋಡುತ್ತಿದ್ದಂತೆಯೇ ಅವನ ಎಡಗೈ ಬಂದು ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿತು.